ಎಡಕ್ಕೇ ಎಸೆಯುವ ಜರ್ಮನ್ ಕೋಡಂಗಿ

"ಇವತ್ತು ಬೀಗರು ಬರ್ಲಿ, ನನ್ನ ಜರ್ಮನಿ ಖಜಾನಿ ತೋರಿಸಿ ದಂಗು ಬಡಿಸ್ತೀನಿ ನೋಡು!" ಕಾನಹೊಸಹಳ್ಳಿಯ ಹೈಸ್ಕೂಲು ಮೇಷ್ಟ್ರು ಭೀಮರಾಜ ಎದೆಯುಬ್ಬಿಸಿ ಘೋಷಿಸಿದ.

"ಮೊದ್ಲು ಅಂಗಿ ಗುಂಡಿ ಹಾಕ್ಕಳ್ರಿ," ಅಂದಳು ಹೆಂಡತಿ ರೇಣುಕಾ.

ಖಜಾನೆ ಎಂದರೆ ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ತಯಾರಾದ, ಕೀಲಿ ಕೊಟ್ಟರೆ ಓಡುವ ಮೇಜಿನ ಮೇಲಿನ ಆಟಗಳು. ತಗಡಿನ ಕುದುರೆ ಪಂದ್ಯ, ತಗಡಿನ ದೋಣಿ ಪಂದ್ಯ, ಇವೆಲ್ಲಕ್ಕೂ ಚಕ್ರವರ್ತಿಯಾಗಿ ಒಬ್ಬ ತಗಡಿನ ಕೋಡಂಗಿ! ಕೀಲಿ ತಿರುಗಿಸಿದರೆ ಗಿರ್ರನೆ ಸುತ್ತಿ, ಕೈಯಲ್ಲಿರುವ ಗೋಲಿಯನ್ನು ಬಲದ ಬುಟ್ಟಿಗೋ ಎಡದ ಬುಟ್ಟಿಗೋ ಎಸೆಯುತ್ತಾನೆ. ಸಂಬಳ, ರಜೆ, ಹೆಂಡತಿಯ ತಾಳ್ಮೆ, ಎಲ್ಲವನ್ನೂ ಭೀಮರಾಜ ಇವುಗಳಿಗೇ ಸುರಿದಿದ್ದ.

ಹಿರೇಹಡಗಲಿಯಿಂದ ಬೀಗರು ಬಂದರು. ಮಗಳು ಭೂಮಿಕಾ ಮತ್ತು ಹುಡುಗ ಪರಸ್ಪರ ಮೆಚ್ಚಿಯಾಗಿತ್ತು. ಬಾಕಿ ಇದ್ದದ್ದು ಹುಡುಗನ ಅಜ್ಜ ದೊಡ್ಡಬೀರಪ್ಪನ ಒಪ್ಪಿಗೆ ಮಾತ್ರ. ಆತ ದೇವರಲ್ಲಿ ಹೂವು ಕೇಳಿ, ಅದು ಬಲಕ್ಕೆ ಬೀಳದೆ ಒಂದು ಕುರಿಯನ್ನೂ ಮಾರಿದವನಲ್ಲ.

ಒಗ್ಗರಣೆ ಮಂಡಕ್ಕಿ ಮುಗಿಯುವ ಮೊದಲೇ ಭೀಮರಾಜ ಕೋಡಂಗಿಯನ್ನು ತಂದು ಟೀಪಾಯಿ ಮೇಲೆ ಪ್ರತಿಷ್ಠಾಪಿಸಿದ. "ಜರ್ಮನಿ ಸಾಮಾನು ನೋಡ್ರಿ ಅಜ್ಜಾರ! ಬಲಕ್ಕ ಬೀಳತೈತೋ ಎಡಕ್ಕ ಬೀಳತೈತೋ, ಯಾರ ಕೈಯಾಗೂ ಇಲ್ಲ. ಮನುಷ್ಯಾರು ಮೋಸ ಮಾಡ್ಯಾರು, ಇವ ಮಾಡಂಗಿಲ್ಲ!"

ಅಜ್ಜ ರುಮಾಲು ಸರಿಪಡಿಸಿಕೊಂಡು ಗೊಂಬೆಗೆ ಕೈಮುಗಿದ. "ಹಂಗಾರ ಗುಡಿಗೆ ಹೋಗಿ ಹೂವು ಕೇಳೋದು ಯಾಕ? ಬಲಕ್ಕ ಬಿದ್ರ ಈ ಹುಡುಗಿ ನಮ್ಮನಿ ಸೊಸಿ. ಎಡಕ್ಕ ಬಿದ್ರ ದೇವ್ರು ಒಲ್ಲೆ ಅಂದಂಗ. ಕೀಲಿ ಕೊಡ್ರಿ."

ಕೀಲಿಯತ್ತ ಚಾಚಿದ ಕೈಯನ್ನು ಭೀಮರಾಜ ಹಿಂದಕ್ಕೆಳೆದುಕೊಂಡ. ಯುಗಾದಿ ದಿನ ಅವನೇ ಅತಿಯಾಗಿ ಕೀಲಿ ತಿರುಗಿಸಿ ಸ್ಪ್ರಿಂಗು ಮುರಿದಿದ್ದ. ಗುಟ್ಟಾಗಿ ಹೆಂಡತಿಯ ಹೇರ್‌ಪಿನ್ನು ಸಿಕ್ಕಿಸಿ ರಿಪೇರಿ ಮಾಡಿದ್ದ. ಅಂದಿನಿಂದ ಕೋಡಂಗಿ ಎಡಕ್ಕಷ್ಟೇ ಎಸೆಯುತ್ತಿದ್ದ! ಆದರೆ ಈಗಷ್ಟೇ ಹೊಗಳಿದ ಬಾಯಲ್ಲಿ ಅದನ್ನು ಹೇಳುವುದು ಹೇಗೆ?

ಕೀಲಿ ಕೊಟ್ಟ. ಟಣ್! ಎಡಕ್ಕೆ.

"ಅದೂ... ಟೀಪಾಯಿ ವಾಲೈತ್ರಿ."

ನೆಲದ ಮೇಲಿಟ್ಟ. ಟಣ್! ಎಡಕ್ಕೆ.

"ಎಣ್ಣಿ ಕಮ್ಮಿ ಆಗೈತ್ರಿ..."

ಕೊಬ್ಬರಿ ಎಣ್ಣೆ ಬಿಟ್ಟ. ಟಣ್!

ಅಜ್ಜ ಎದ್ದು ಚಪ್ಪಲಿ ಹುಡುಕತೊಡಗಿದ. "ದೇವ್ರು ಇಷ್ಟು ಸಲ ಒಲ್ಲೆ ಅಂದ ಮ್ಯಾಲೆ ನಮ್ದೇನೈತಿ? ಬೇಸರ ಮಾಡ್ಕಾಬ್ಯಾಡ್ರಿ."

ಅಡುಗೆಮನೆಯ ಬಾಗಿಲಲ್ಲಿ ಭೂಮಿಕಾ ಕಣ್ಣು ತುಂಬಿಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ತಗಡಿನ ಗೊಂಬೆಯ ಮಾನ ಕಾಯಲು ಹೋಗಿ ಹೆತ್ತ ಮಗಳ ಬಾಳಿಗೇ ಕಲ್ಲು ಹಾಕುತ್ತಿದ್ದೇನಲ್ಲ! ಭೀಮರಾಜ ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಕುಂದರ್ರಿ ಅಜ್ಜಾರ! ಒಲ್ಲೆ ಅಂದದ್ದು ದೇವ್ರಲ್ಲ, ಹೇರ್‌ಪಿನ್ನು! ಯುಗಾದಿಗೆ ಸ್ಪ್ರಿಂಗು ನಾನ ಮುರಿದು ಪಿನ್ನು ಸಿಕ್ಕಿಸೀನಿ. ಅವತ್ತಿಂದ ಇದು ಬಲಕ್ಕ ಬಿದ್ದಿದ್ದ ಇಲ್ಲ. ಸುಳ್ಳು ಹೇಳಿದೆ, ತಪ್ಪಾತ್ರಿ."

ಅಜ್ಜ ನಿಧಾನವಾಗಿ ಕೂತ. ಭೂಮಿಕಾ ಕಣ್ಣೊರೆಸಿಕೊಂಡು ನಕ್ಕಳು. ರೇಣುಕಾ ಮಾತ್ರ ನಗಲಿಲ್ಲ.

"ಯುಗಾದಿಯಿಂದ?" ಅಂದಳು. "ಮತ್ತ ದಿನಾ ಬೆಳಿಗ್ಗಿ ಇದಕ್ಕ ಕೀಲಿ ಕೊಟ್ಟು, 'ಬಲಕ್ಕ ಬಿದ್ರ ನಳದ ನೀರು ನಾನು ತರ್ತೀನಿ, ಎಡಕ್ಕ ಬಿದ್ರ ನೀನು' ಅಂತಿದ್ರಲ್ಲ! ನಾನು ಕೊಡ ಹೊರೋವಾಗ 'ಎಲ್ಲಾ ನಿನ್ನ ಹಣಿಬರಾ' ಅಂತಿದ್ರಲ್ಲ!"

ಮನೆತುಂಬ ಇದ್ದ ಬೀಗರು ಭೀಮರಾಜನನ್ನು ನೋಡಿದರು. ಭೀಮರಾಜ ನೆಲ ನೋಡಿದ.

ಅಜ್ಜ ಎಲೆ ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡ. "ತಪ್ಪು ಒಪ್ಪಿಕೊಳ್ಳೋ ಮನಿ ಸಿಕ್ತು, ಇನ್ನ ಹೂವು ಕೇಳೋದು ಯಾಕ? ಸಂಬಂಧ ಗಟ್ಟಿ ಆತ್ರಿ ಬೀಗರ. ಲಗ್ನದ ದಿನ ಗೊತ್ತು ಮಾಡಾಕ ನಾಳಿ ಬೆಳಿಗ್ಗಿ ಫೋನ್ ಮಾಡ್ತೀನಿ. ನೀರಿನ ಕೊಡ ಕೆಳಗಿಟ್ಟು ಫೋನ್ ಎತ್ರಿ!"