ಗಂಗಾವತಿಯ ಕಾರಿಗೆ ಕುಷ್ಟಗಿಯ ಎಂಜಿನ್

ಕಾರು ನಿಂತರೆ ಊರಿನವರೆಲ್ಲ ಮಿಸ್ತ್ರಿಗಳಾಗುತ್ತಾರೆ. ಮಿಸ್ತ್ರಿ ಮಾತ್ರ ಪೆದ್ದನಾಗುತ್ತಾನೆ. ನನಗೆ ಇದು ಎಷ್ಟೋ ಸಲ ಆಗಿದೆ. ಒಂದು ವಾರದ್ದು ಹೇಳುತ್ತೇನೆ, ಸಾಕು.

ಎರಡನೇ ಮಹಾಯುದ್ಧದ ಕಾಲ. ಗಂಗಾವತಿಯ ಒಬ್ಬ ಸಾಹುಕಾರರ ಕಾರಿಗೆ ನಾನೇ ಡ್ರೈವರ್, ನಾನೇ ಮಿಸ್ತ್ರಿ. ಎಂಜಿನ್ ಒಡೆಯಿತು. ಹೊಸದು ಸಿಗುವಂತಿರಲಿಲ್ಲ. ಕುಷ್ಟಗಿಯಲ್ಲಿ ಪಲ್ಟಿಯಾಗಿ ಬಿದ್ದಿದ್ದ ಒಂದು ಕಾರಿನ ಎಂಜಿನ್ ಬಿಚ್ಚಿಸಿ, ಬಂಡಿಯಲ್ಲಿ ತಂದು ಕೂಡಿಸಿದೆ. ಕಾರಿನ ಮೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಿದೆ. ಚಾಲೂ ಆಗಲಿಲ್ಲ.

"ಶನಿವಾರ ನಮ್ಮವ್ವನ್ನ ಹನುಮನಹಳ್ಳಿಗೆ ಕರ್ಕೊಂಡು ಹೋಗಬೇಕು" ಎಂದರು ಸಾಹುಕಾರರು. "ಕಾರು ಹೋಗಲಿಲ್ಲಂದ್ರ ಹೊಸಪೇಟಿ ಡ್ರೈವರ್‌ನ ಇಟ್ಕೊಂತೀನಿ. ನೀ ಬಂಡಿ ಹೊಡ್ಕೊಂಡಿರು."

"ಹೂಂ" ಎಂದೆ.

ತಳ್ಳಿದವರು

ತಳ್ಳಿದರೆ ಚಾಲೂ ಆದೀತೆಂದು ನಾನು ಸ್ಟೇರಿಂಗ್ ಹಿಡಿದು ಕುಳಿತೆ, ಹತ್ತು ಮಂದಿ ಹಿಂದಿನಿಂದ ತಳ್ಳಿದರು. ಕಾರು ಅಲ್ಲಾಡಲಿಲ್ಲ. ಇನ್ನೂ ನಾಲ್ವರು ಬಂದರು. ಆದರೂ ಇಲ್ಲ. ಇಳಿದು ನೋಡಿದೆ. ಮುಂದೆ ಆರು ಜನ ಕಾರಿಗೆ ಹೆಗಲು ಕೊಟ್ಟು ಬೆವರುತ್ತಿದ್ದರು.

"ನೀವೇನ್ ಮಾಡಾಕತ್ತೀರಿ?"

"ಬ್ರೇಕ್ ಹಿಡಿಯಂಗಿಲ್ಲ ಅಂದಿದ್ರೆಲ್ಲಾ ನೀವು. ನಾವ ಹಿಡದೀವ್ರಿ."

ದನದ ದಲ್ಲಾಳಿ

ಮರುದಿನ ದನದ ದಲ್ಲಾಳಿಯೊಬ್ಬ ಬಂದ. ಬಾನೆಟ್ ಎತ್ತಿಸಿದ. ಸಾಲಾಗಿದ್ದ ನಾಲ್ಕು ಪ್ಲಗ್ಗುಗಳನ್ನು ಬೆರಳಿಟ್ಟು ಎಣಿಸಿದ.

"ನಾಕು ಹಲ್ಲು. ಹರೇದದ್ದು ಐತ್ರಿ ಸಾವ್ಕಾರ್ರ. ಹೊಸ ಮನಿ, ಹೊಸ ಮಂದಿ. ಅಂಜೇತಿ. ಮೈಮ್ಯಾಲ ಕೈ ಆಡಿಸಿ ಕೆಲಸ ಹಚ್ಚಬೇಕು."

ಕೈ ಆಡಿಸಿದ. ಆಮೇಲೆ ಹ್ಯಾಂಡಲ್ ಹಿಡಿದು ಜಗ್ಗಿ ತಿರುಗಿಸಿದ. ಅದು ತಿರುಗಿ ಒದೆಯಿತು. ದಲ್ಲಾಳಿ ಗಟಾರದಲ್ಲಿ ಕುಳಿತ. ರುಮಾಲು ಕೊಡವಿಕೊಂಡು ಎದ್ದ.

"ಸಂತಿಗೆ ಹೊಡೀರಿ" ಎಂದ. "ಆದ್ರ ಒದಿತೈತಿ ಅಂತ ಹೇಳಬ್ಯಾಡ್ರಿ."

ಚೀಟಿ

ಒದ್ದದ್ದು ಒಳ್ಳೆಯದೇ ಆಯಿತು. ಪ್ಲಗ್ಗುಗಳಲ್ಲಿ ಬೆಂಕಿ ಹುಟ್ಟುತ್ತಿದೆ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಹುಟ್ಟುತ್ತಿದೆ ಎಂದು ತಿಳಿಯಿತು. ಪ್ಲಗ್ಗಿನ ವಯರುಗಳನ್ನು ಯಾವುದಾದ ಮೇಲೆ ಯಾವುದು ಹಾಕಬೇಕೆಂದು ಕುಷ್ಟಗಿಯ ಮಿಸ್ತ್ರಿ ಒಂದು ಉರ್ದು ಚೀಟಿ ಬರೆದುಕೊಟ್ಟಿದ್ದ. ಅದರಂತೆಯೇ ಹಾಕಿದ್ದೆ. ಆಗ ನಮ್ಮ ಕಡೆ ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲೇ; ಅಲ್ಲಿನ ಜವಾನನಿಗೆ ಚೀಟಿ ತೋರಿಸಿದೆ.

"ಒಂದು, ಎರಡು, ನಾಕು, ಮೂರು" ಎಂದು ಓದಿದ.

"ಮೂರು, ನಾಕು, ಎರಡು, ಒಂದು" ಎಂದೆ.

"ಯಾವ ಕಡಿಂದ ಓದೀದಿ?"

"ಎಡಗಡಿಂದ."

"ಮಾರಾಯಾ, ಉರ್ದು ಬಲಗಡಿಂದ ಬರ್ತೈತಿ!"

ನನಗೆ ಅಂಕಿ ಗೊತ್ತಿತ್ತು, ದಿಕ್ಕು ಗೊತ್ತಿರಲಿಲ್ಲ. ವಯರು ಬದಲಿಸಿದೆ. ಒಂದೇ ಹ್ಯಾಂಡಲ್ಲಿಗೆ ಚಾಲೂ ಆಯಿತು. ಮರುದಿನದಿಂದ ಜವಾನ ಕಚೇರಿಗೆ ಕೈಗೆ ಗ್ರೀಸ್ ಹಚ್ಚಿಕೊಂಡು ಹೋಗತೊಡಗಿದ.

ಶನಿವಾರ

ಸಾಹುಕಾರರ ತಾಯಿ ಹನುಮಪ್ಪನಿಗೆಂದು ವೀಳ್ಯದೆಲೆಯ ಹಾರ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತರು. ಸಾಹುಕಾರರು ನನ್ನ ಪಕ್ಕ. ಹೊಸಪೇಟೆಯ ಡ್ರೈವರ್ ಖಾಕಿ ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಒಂದನೇ ಗೇರು ಹಾಕಿದೆ. ಕಾರು ಹಿಂದಕ್ಕೆ ಹೋಗಿ ಕಟ್ಟಿಗೆ ಒಟ್ಟಿಲು ಕೆಡವಿತು. ಎರಡನೆಯದೂ ಹಿಂದಕ್ಕೆ. ಮೂರನೆಯದೂ ಹಿಂದಕ್ಕೆ.

ಎಂಜಿನ್ ಇಳಿಸುವಾಗ ಹಿಂದಿನ ಗಾಲಿಗಳ ಅಚ್ಚನ್ನೂ ಬಿಚ್ಚಿದ್ದೆ. ಅದರೊಳಗಿನ ದೊಡ್ಡ ಹಲ್ಲಿನ ಚಕ್ರ ಎಡಕ್ಕಿರಬೇಕಾದದ್ದು. ಬಲಕ್ಕೆ ಕೂಡಿಸಿದ್ದೆ; ಅದಕ್ಕೇ ಗಾಲಿಗಳು ಉಲ್ಟಾ ತಿರುಗುತ್ತಿದ್ದವು. ಮುಂದಕ್ಕೆ ಹೋಗಲು ರಿವರ್ಸ್ ಗೇರೊಂದೇ ಉಳಿದಿತ್ತು. ಅದರಲ್ಲಿ ಹೋದರೆ ಊರು ದಾಟುವ ಮೊದಲೇ ನೀರು ಕುದಿಯುತ್ತಿತ್ತು.

"ಬಿಚ್ಚಿ ಕೂಡಸಾಕ ನಾಕು ದಿನ ಬೇಕ್ರಿ" ಎಂದ ಹೊಸಪೇಟೆಯವನು, ಸಂತೋಷದಿಂದ.

"ನಾ ಇಳಿಯಂಗಿಲ್ಲ" ಎಂದರು ಮುದುಕಿ. "ಹನುಮಪ್ಪಗ ಇವತ್ತ ಬರ್ತೀನಂತ ಹೇಳೀನಿ."

ನಾನು ಕಾರಿನ ಹಿಂಬದಿಯನ್ನು ಹನುಮನಹಳ್ಳಿಯ ಕಡೆ ತಿರುಗಿಸಿ ಹೊರಟೆ. ಒಂದು ಕೈ ಸ್ಟೇರಿಂಗ್ ಮೇಲೆ, ಮುಖ ಹಿಂದಕ್ಕೆ. ಸಾಹುಕಾರರು ತಲೆಯ ಮೇಲೆ ಟವೆಲ್ ಹಾಕಿಕೊಂಡು ನೆಟ್ಟಗೆ ಮುಂದೆ ನೋಡುತ್ತ ಕುಳಿತರು.

ದಾರಿಯಲ್ಲಿ ಒಬ್ಬ ರೈತ ಬಂಡಿ ನಿಲ್ಲಿಸಿ ಕೇಳಿದ: "ಸಾವ್ಕಾರ್ರ, ಹೊಂಟೀರೋ, ಬರಾಕತ್ತೀರೋ?"

ಸಾಹುಕಾರರು ಟವೆಲನ್ನು ಇನ್ನಷ್ಟು ಕೆಳಗೆ ಎಳೆದರು.

ಹನುಮನಹಳ್ಳಿ ಮುಟ್ಟಿದಾಗ ನನ್ನ ಕುತ್ತಿಗೆ ಮುಂದಕ್ಕೆ ಬರಲೊಲ್ಲದು. ಸಾಹುಕಾರರು ಹಲ್ಲು ಕಡಿದರು. "ಇಳಿ ಕೆಳಗ. ನಾಳಿಂದ ಬರಬ್ಯಾಡ."

"ಬಾಯಿ ಮುಚ್ಚು" ಎಂದರು ತಾಯಿ. "ಊರಿಂದ ಇಲ್ಲೀತನಕ ಇವ ನನ್ನ ಮ್ಯಾಲಿನ ಕಣ್ಣು ತಗೀಲಿಲ್ಲ. ಹೆತ್ತ ಮಗ ನೀನು, ಒಮ್ಮೆರೆ ಹೊಳ್ಳಿ ನೋಡಿದೇನು? ಇವನ್ನ ಬಿಟ್ಟು ಬ್ಯಾರೆ ಡ್ರೈವರ್ ನನಗ ಬ್ಯಾಡ!"