ಸುಳ್ಳು ಸೈರನ್ನಿಗೆ ಓಡಿ ಬರುವವರು

ನಮ್ಮ ತಪ್ಪಿಗೆ ನಾವೇ ಕ್ಷಮೆ ಕೇಳುವುದು ಕಷ್ಟ. ಗೋಡೆಗೆ ಜಡಿದ ಬಿಳಿ ಡಬ್ಬಿಯೊಂದರ ತಪ್ಪಿಗೆ ಕ್ಷಮೆ ಕೇಳುವುದು ಇನ್ನೂ ಕಷ್ಟ. ಡಬ್ಬಿಗೆ ನಾಚಿಕೆಯಿಲ್ಲ. ಕೂಗುವಷ್ಟು ಕೂಗಿ, ಕೆಂಪು ದೀಪ ಆರಿಸಿಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಾಗುತ್ತದೆ. ಅಂಗಳದಲ್ಲಿ ಸೇರಿದ ಮಂದಿಯ ಮುಂದೆ ಕೈಮುಗಿದು ನಿಲ್ಲುವವನು ನಾನು.

ಅದನ್ನು ಹಾಕಿಸಿದ್ದು ಹೆದರಿಕೆಯಿಂದ. ಸನಮಡಿ ಊರಿನ ಅಂಚಿನಲ್ಲಿ, ಕುರಿ ಮೇಯಿಸುವ ಬಯಲು ಶುರುವಾಗುವಲ್ಲಿ ನಮ್ಮ ಮನೆ. ನಾನು ಕನ್ನಡ ಶಾಲೆಯ ಮಾಸ್ತರ. ಒಮ್ಮೆ ಯಳವಿ ಊರಿನ ನೆಂಟರ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿ ಸಂಜೆ ಮರಳಿದರೆ ಬಾಗಿಲ ಕೊಂಡಿ ಕಿತ್ತು ಜೋತಾಡುತ್ತಿತ್ತು. ಕಳ್ಳ ಒಯ್ದದ್ದು ತಾಮ್ರದ ಹಂಡೆ ಮತ್ತು ನನ್ನ ಹೊಸ ಚಪ್ಪಲಿಯನ್ನು ಮಾತ್ರ. ಆದರೆ ಕಪಾಟಿನ ಬಟ್ಟೆಗಳನ್ನೆಲ್ಲ ನೆಲಕ್ಕೆ ಹರವಿದ್ದ. ನನ್ನ ಹೆಂಡತಿ ಸುಮಿತ್ರಾ ಅವನ್ನು ಮಡಿಚಿಡಲಿಲ್ಲ. ಒಂದೊಂದನ್ನೂ ಒಗೆದಳು, ಒಗೆದದ್ದನ್ನು ಮತ್ತೆ ಒಗೆದಳು. ನನಗೆ ಅಂದಿನಿಂದ ಕೀಲಿಯ ಮೇಲೆ ನಂಬಿಕೆಯಿಲ್ಲ. ಹಾಕಿ ಎಳೆದು ನೋಡುತ್ತೇನೆ. ಓಣಿಯ ತಿರುವಿನವರೆಗೆ ಹೋದವನು ಮರಳಿ ಬಂದು ಮತ್ತೊಮ್ಮೆ ಎಳೆಯುತ್ತೇನೆ. ನಾನು ಶಾಲೆಗೆ ಹೋದ ಮೇಲೆ ಸುಮಿತ್ರಾ ಒಬ್ಬಳೇ ಇರುತ್ತಾಳೆಂಬ ಯೋಚನೆಯಿಂದ ಕೊನೆಗೆ ಜತ್ತ ಪೇಟೆಯ ಅಂಗಡಿಯಿಂದ, ಕಳ್ಳ ಒಳಹೊಕ್ಕರೆ ಸೈರನ್ ಕೂಗುವ ಈ ಡಬ್ಬಿ ತರಿಸಿದೆ.

ಡಬ್ಬಿ ನನಗಿಂತ ಅಂಜುಬುರುಕ. ಗುಡ್ಡದ ಮೇಲಿನ ಪವನಚಕ್ಕಿಗಳನ್ನು ತಿರುಗಿಸುವ ಗಾಳಿ ನಮ್ಮ ಹಿತ್ತಲ ಬಾಗಿಲನ್ನೂ ಬಿಡುವುದಿಲ್ಲ. ಬಾಗಿಲು ಅಲುಗಿತೋ, ಕಳ್ಳ ಬಂದ. ಹಲ್ಲಿ ಅದರ ಗಾಜಿನ ಕಣ್ಣಿನ ಮೇಲೆ ನಡೆಯಿತೋ, ಭಾರೀ ಕಳ್ಳ ಬಂದ. ಪಡಸಾಲೆಯಲ್ಲಿ ಒಣಹಾಕಿದ ಸೀರೆ ತೂಗಾಡಿದರೆ ಕಳ್ಳರ ಟೋಳಿಯೇ ಬಂದಂತೆ. ಡಬ್ಬಿಯನ್ನು ಕೂರಿಸಿಹೋಗಿದ್ದ ಕಾರಾಗೀರನನ್ನು ಕರೆಸಿದೆ. ಅವನು ಏಣಿಯೇರಿ, ಒರೆಸಿ, ಇಳಿದು, "ಡಬ್ಬಿ ಚಲೋ ಐತ್ರಿ ಮಾಸ್ತರ. ನಿಮ್ಮ ಹಲ್ಲಿದ ತಪ್ಪು" ಎಂದು ತೀರ್ಪು ಕೊಟ್ಟು ಹೋದ.

ಆದರೆ ನಾನು ಬರೆಯಹೊರಟದ್ದು ಡಬ್ಬಿಯ ಬಗ್ಗೆ ಅಲ್ಲ, ಅದು ಕೂಗಿದಾಗ ಬರುವವರ ಬಗ್ಗೆ. ಎಲ್ಲರೂ ಬರುತ್ತಾರೆ. ಕಿರಾಣಿ ಅಂಗಡಿಯ ಈರಣ್ಣ ಒಂದು ಗಲ್ಲಕ್ಕೆ ಸಾಬೂನಿನ ನೊರೆ ಹಚ್ಚಿಕೊಂಡೇ ಬಂದದ್ದನ್ನು ನೋಡಿದ್ದೇನೆ. ಎದುರು ಮನೆಯ ಹೆಂಗಸರು ಕೈಗೆ ಜೋಳದ ಹಿಟ್ಟು ಮೆತ್ತಿದಂತೆಯೇ ಬರುತ್ತಾರೆ. ಎಲ್ಲರಿಗಿಂತ ಮುಂದೆ ಮಾಯಕ್ಕ. ಕುರಿ ಕಾಯುವ ಮನೆತನದವಳು, ನಮ್ಮ ಪಕ್ಕದ ಮನೆಯವಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ಒಬ್ಬರು ಹಿತ್ತಲು ನೋಡುತ್ತಾರೆ, ಒಬ್ಬರು ಮಾಳಿಗೆ ನೋಡುತ್ತಾರೆ. ಈರಣ್ಣ ಪ್ರತಿ ಸಲವೂ ಕಾಳು ತುಂಬಿಡುವ ನೆಲದಡಿಯ ಹಗೇವಿನೊಳಗೆ ಇಣುಕುತ್ತಾನೆ. ಅದರಲ್ಲಿ ಈಗ ಕಾಳೂ ಇಲ್ಲ. ಆಮೇಲೆ ಎಲ್ಲರೂ ಕುಳಿತು ಚಹಾ ಕುಡಿದು ಹೋಗುತ್ತಾರೆ. "ಮತ್ತ ಸುಳ್ಳೇನ್ರಿ?" ಎಂದು ಒಬ್ಬರೂ ಕೇಳಿದವರಲ್ಲ. ಅವರು ಕೇಳದೆ ಇರುವುದೇ ನನ್ನನ್ನು ಕೊರೆಯುತ್ತಿತ್ತು. ಇವರ ತಾಳ್ಮೆ ಎಲ್ಲಿಯವರೆಗೆ? ಒಂದು ದಿನ ನಿಜವಾಗಿಯೇ ಯಾರೋ ಒಳಗೆ ಹೊಕ್ಕಿರುತ್ತಾರೆ, ಸುಮಿತ್ರಾ ಒಬ್ಬಳೇ ಇರುತ್ತಾಳೆ, ಸೈರನ್ ಬಡಿದುಕೊಳ್ಳುತ್ತದೆ, ಈರಣ್ಣ ನಿಧಾನವಾಗಿ ಇನ್ನೊಂದು ಗಲ್ಲವನ್ನೂ ಬೋಳಿಸಿಕೊಳ್ಳುತ್ತಾನೆ. ಈ ಚಿತ್ರ ನನ್ನ ಕಣ್ಣಿಂದ ಹೋಗದು.

ಒಂದು ದಿನ ಚಹಾ ಮುಗಿದ ಮೇಲೆ ಮಾಯಕ್ಕನಿಗೆ ಹೇಳಿಯೇಬಿಟ್ಟೆ. "ಮಾಯಕ್ಕ, ಇನ್ನ ಇದು ಕೂಗಿದ್ರ ಓಡಿ ಬರಬ್ಯಾಡ್ರಿ. ಕರೇನ ಏನರ ಆದ್ರ ನಾನ ಫೋನ್ ಮಾಡ್ತೀನಿ."

ಬಾಗಿಲವರೆಗೆ ಹೋಗಿದ್ದ ಮಾಯಕ್ಕ ತಿರುಗಿ ನಿಂತಳು. "ಫೋನ್ ಮಾಡೂತನಕ ಕಳ್ಳ ನಿಮ್ಮ ಮನ್ಯಾಗ ಕುಂತು ಚಾ ಕುಡೀತಾನೇನ್ರಿ?"

"ಹಂಗಲ್ಲ, ಸುಮ್ಮನ ನಿಮಗ ತ್ರಾಸ…"

"ಕುಂದ್ರಿ ಇಲ್ಲಿ. ಅಡವ್ಯಾಗ ಯಾರರ ತ್ವಾಳ ಅಂತ ಚೀರಿದ್ರ ನಾವು ಓಡ್ತೀವಿ. ಹೋಗಿ ನೋಡಿದ್ರ ನಾಯಿ ಇರ್ತೈತಿ, ಇಲ್ಲಾ ಏನೂ ಇರೂದಿಲ್ಲ. ಚೀರಿದಾವಗ ಯಾರೂ ಬೈಯೂದಿಲ್ರಿ. ಎಚ್ಚರಿದ್ದಿ, ಭಾಳ ಚಲೋ ಆತು ಅಂತೀವಿ. ಯಾಕಂದ್ರ ಇವತ್ತ ಬೈದ್ರ, ನಾಳೆ ಅಂವ ಚೀರ್ಲೋ ಬ್ಯಾಡೋ ಅಂತ ವಿಚಾರ ಮಾಡ್ತಾನ. ಅಷ್ಟ್ರಾಗ ಮರಿ ಹೋಗಿರ್ತೈತಿ."

ಈರಣ್ಣ ಬಾಯಿ ಹಾಕಿದ. "ಅಲ್ಲವ್ವಾ, ನಾಯಿ ಕಂಡು ತ್ವಾಳ ಅನ್ನಾವ ಒಬ್ಬ ಅಂಜುಬುರಕ ಮನಷ್ಯಾ. ಇದು ಹಲ್ಲಿ ಕಂಡು ಕಳ್ಳ ಅಂತೈತಿ!"

"ನೀ ಹಗೇವ್ದಾಗ ಕಳ್ಳನ್ನ ಹುಡುಕ್ತಿ, ಅದಕಿಂತ ಶಾಣ್ಯಾ ಐತಿ ಬಿಡು," ಎಂದು ಮಾಯಕ್ಕ ಬಡಿಗೆ ಎತ್ತಿಕೊಂಡು ನಡೆದಳು.

ನಾನು ಚಹಾದ ಕಪ್ಪುಗಳನ್ನು ಒಂದೊಂದಾಗಿ ಎತ್ತಿಟ್ಟೆ. ಸುಳ್ಳು ಕೂಗಿದವನನ್ನು ಜನ ಮುಂದೆ ನಂಬುವುದಿಲ್ಲವೆಂಬುದನ್ನು ನಾನು ಪ್ರಶ್ನಿಸದೆ ಒಪ್ಪಿಕೊಂಡಿದ್ದೆ. ಇಲ್ಲಿ ನೋಡಿದರೆ ಅವನನ್ನು ನಂಬುವುದನ್ನೇ ಇವರು ಒಂದು ಕೆಲಸವಾಗಿ, ಬೇಸರವಿಲ್ಲದೆ, ಮಾಡುತ್ತ ಬಂದಿದ್ದಾರೆ. ಅಂದು ಎಷ್ಟೋ ದಿನಗಳ ಮೇಲೆ ಕೀಲಿಯನ್ನು ಒಮ್ಮೆ ಮಾತ್ರ ಎಳೆದು ನೋಡಿದೆ.

ಮುಂದಿನ ರವಿವಾರ ಬೆಳಿಗ್ಗೆ ಬಯಲಿನಿಂದ ಮಾಯಕ್ಕನ ದನಿ ಕೇಳಿಸಿತು. "ತ್ವಾಳ! ಬರ್ರಿ, ಲಗೂನ ಬರ್ರಿ!" ನಾನು ಓಡಿದೆ. ಓಡಿದೆ ಎಂದು ಬರೆಯಲು ಹೆಮ್ಮೆಯಾಗುತ್ತದೆ. ಎಲ್ಲರೂ ಓಡಿದರು. ಹೋಗಿ ನೋಡಿದರೆ ಬೋರೆಹಣ್ಣಿನ ಕಂಟಿಯ ಹಿಂದೆ ಒಂದು ಬಡಕಲು ನಾಯಿ ತುರಿಸಿಕೊಳ್ಳುತ್ತಿತ್ತು. "ಎಚ್ಚರಿದ್ದಿ ಮಾಯಕ್ಕ, ಭಾಳ ಚಲೋ ಆತು," ಎಂದೆ, ಕಲಿತ ಪಾಠ ಒಪ್ಪಿಸುವವನ ಹಾಗೆ. ಅವಳು ನಕ್ಕಳು. ಅಷ್ಟರಲ್ಲಿ ಊರ ಕಡೆಯಿಂದ ನಮ್ಮ ಡಬ್ಬಿ ಕೂಗತೊಡಗಿತು.

ಮಂದಿ ತಿರುಗಿ ಓಡಿತು. ಮಾಯಕ್ಕ ಗಂಡನನ್ನು ಕುರಿಗಳ ಹತ್ತಿರ ಬಿಟ್ಟು ಎಲ್ಲರಿಗಿಂತ ಮುಂದೆ ಓಡಿದಳು. ನಾನು ಗಾಳಿ ನೋಡಿದೆ. ಪವನಚಕ್ಕಿಗಳು ಗರಗರ ತಿರುಗುತ್ತಿದ್ದವು. ಹಿತ್ತಲ ಬಾಗಿಲು ಎಂದುಕೊಂಡೆ. ಉಸಿರೂ ಹತ್ತಿತ್ತು. ನಡೆದೇ ಹೊರಟೆ. ನಡುವೆ ನಿಂತು ಚಪ್ಪಲಿಗೆ ಚುಚ್ಚಿದ ಮುಳ್ಳನ್ನೂ ಕಿತ್ತೆ.

ಮನೆ ತಲುಪಿದಾಗ ಪಡಸಾಲೆಯಲ್ಲಿ ಕನ್ನಡಿಯ ಚೂರುಗಳು ಬಿದ್ದಿದ್ದವು. ಮಾಯಕ್ಕನ ಮನೆಯ ಮುಂದೆ ಕಟ್ಟಿದ್ದ ದೊಡ್ಡ ಕೊಂಬಿನ ಟಗರು ಹಗ್ಗ ಹರಿದುಕೊಂಡು, ತೆರೆದ ಬಾಗಿಲಿನಿಂದ ಒಳಗೆ ಬಂದು, ಕಪಾಟಿನ ಕನ್ನಡಿಯಲ್ಲಿ ಇನ್ನೊಂದು ಟಗರನ್ನು ಕಂಡು ಗುದ್ದಿತ್ತು. ಸುಮಿತ್ರಾ ಲಟ್ಟಣಿಗೆ ಹಿಡಿದು ಮಂಚದ ಮೇಲೆ ನಿಂತಿದ್ದಳು. ಅವಳ ತುಟಿ ಬಿಳಿಚಿತ್ತು. ಈರಣ್ಣ ಟಗರಿನ ಕೊಂಬುಗಳನ್ನು ಅವುಚಿ ಹಿಡಿದಿದ್ದ, ಉಳಿದವರು ಅದರ ಹಿಂದಿನ ಕಾಲುಗಳನ್ನು ಜಗ್ಗುತ್ತಿದ್ದರು. ಸುಮಿತ್ರಾಳಿಗೆ ಒಂದು ಗೀರೂ ಆಗಿರಲಿಲ್ಲ.

ಸುಮಿತ್ರಾ ನನ್ನನ್ನು ನೋಡಿದಳು. "ಊರಾಗಿನ ಮಂದಿ ಎಲ್ಲಾ ಓಡಿ ಬಂದ್ರು. ನೀವೆಲ್ಲಿದ್ರಿ?"

ನಾನು ಬಗ್ಗಿ ಕನ್ನಡಿಯ ಚೂರುಗಳನ್ನು ಆರಿಸತೊಡಗಿದೆ.

"ಮಾಸ್ತರನ್ನ ನಾನ ಕುರಿ ಕಾಯಾಕ ನಿಂದ್ರಿಸಿ ಬಂದಿದ್ನಿ ತಂಗಿ," ಎಂದಳು ಮಾಯಕ್ಕ, ಟಗರಿನ ಕಿವಿ ಹಿಂಡುತ್ತ, ನನ್ನ ಕಡೆ ನೋಡದೆ.

ಕುರಿಗಳ ಹತ್ತಿರ ನಿಂತವನು ಅವಳ ಗಂಡ ಎಂಬುದನ್ನು ಅಲ್ಲಿದ್ದವರೆಲ್ಲ ನೋಡಿದ್ದರು. ಒಬ್ಬರೂ ಏನೂ ಅನ್ನಲಿಲ್ಲ. ಬಾಯಿ ತಡೆಯದ ಈರಣ್ಣ ಕೂಡ ಕೊಂಬಿನ ಕಡೆಗೆ ಮುಖ ತಿರುಗಿಸಿದ. ನಾನು ಹೌದೆಂದು ತಲೆಯಾಡಿಸಿದೆ. ಅಂದು ಆ ಪಡಸಾಲೆಯಲ್ಲಿ ನಿಜ ಹೇಳಿದ್ದು ಡಬ್ಬಿಯೊಂದೇ.