ಅಕ್ಕನ ಚಿವುಟು, ನನ್ನ ಎಣಿಕೆ

ನಮಸ್ಕಾರಕ್ಕೆ ಪ್ರತಿಯಾಗಿ ಕೈ ಚಿವುಟುವ ಹೆಂಗಸು ಇಡೀ ಕುಂದಗೋಳ ತಾಲೂಕಿನಲ್ಲಿ ಒಬ್ಬಳೇ. ಅವಳು ನನ್ನ ಸ್ವಂತ ಅಕ್ಕನೇ ಆಗಬೇಕೆ!

ಸಂಶಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಎದುರಿನವರ ಅಂಗೈಯ ಹಿಂಬದಿಯ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ, ಬಿಟ್ಟು, ಅದು ಸಮನಾಗುವವರೆಗೆ ಗಟ್ಟಿಯಾಗಿ ಎಣಿಸುವುದೇ ಅವಳು ಕ್ಷೇಮ ವಿಚಾರಿಸುವ ಕ್ರಮ. ಚರ್ಮದ ಒಳಪದರದ ಜೀವಕೋಶಗಳು ಸಕ್ಕರೆಯ ಜಾತಿಯ ಕೊಂಡಿಗಳನ್ನು ಪೋಣಿಸಿ ಉದ್ದನೆಯ ಸರಪಳಿ ಮಾಡುತ್ತವಂತೆ; ಅದೇ ಹೈಲುರಾನಿಕ್ ಆಮ್ಲ. ನೆನೆಸಿದ ಕಾಮಕಸ್ತೂರಿ ಬೀಜದಂತೆ ಅದು ನೀರು ಹಿಡಿದು ಉಬ್ಬುವುದರಿಂದಲೇ ಚರ್ಮ ತುಂಬಿಕೊಂಡಿರುವುದಂತೆ. ಹಳೆಯದು ಒಂದೆರಡು ದಿನದಲ್ಲೇ ಕರಗುತ್ತದೆ, ಹೊಸದು ಹುಟ್ಟುತ್ತದೆ. ವಯಸ್ಸಾದಂತೆ ಹುಟ್ಟುವುದು ಕಡಿಮೆ, ಅಕ್ಕನ ಎಣಿಕೆ ಹೆಚ್ಚು.

"ಆಮ್ಲ ಅಂದ್ರ ಸುಡೂದಲ್ಲೇನ?" ಎಂದೆ.

"ಸುಡೂದು ನಿನ್ನ ಮಾತು. ಇದು ನೀರ ಹಿಡೀತೈತಿ!"

ನನ್ನ ಮಗಳ ನಿಶ್ಚಿತಾರ್ಥದಲ್ಲಿ ಗುಡಗೇರಿಯ ಬೀಗರೆದುರು ನನ್ನ ಕೈ ಎತ್ತಿದಳು. "ಒಂದ... ಎರಡ... ಮೂರ... ನಾಕ! ಲೇ ತಮ್ಮಾ, ಬಿಸಲಾಗ ತಿರಗಿ ತಿರಗಿ ನಿನ್ನ ಚರ್ಮ ಅಗದಿ ಹಳೇ ಪಾಯಜಾಮಾ ಆಗೇತಿ!"

ನಕ್ಕವರು ಒಂಬತ್ತು ಜನ. ಅವರಲ್ಲಿ ಇಬ್ಬರು ನಾನೇ ಬಡಿಸಿದ ಹೋಳಿಗೆಯನ್ನು ಬಾಯಲ್ಲಿಟ್ಟುಕೊಂಡು ನಕ್ಕರು. ಮರೆಯಬಹುದೆ?

ಹುಬ್ಬಳ್ಳಿಯಿಂದ ಅದೇ ಆಮ್ಲದ ಕ್ರೀಮು ತಂದು ವಿಭೂತಿ ಗಟ್ಟಿಗಳ ಹಿಂದೆ ಬಚ್ಚಿಟ್ಟೆ. ವಿಭೂತಿ ಹುಡುಕಲು ಬಂದ ಅಕ್ಕನಿಗೆ ಮೊದಲು ಸಿಕ್ಕಿದ್ದು ಅದೇ! "ಮೈಯಾಗ ಕಾರಖಾನಿ ಇಟಗೊಂಡು ಪ್ಯಾಟ್ಯಾಗ ಕೊಂಡ್ಯಾ? ಇದು ಬರೇ ಮ್ಯಾಲಿನ ಪದರಾ ತೋಯಸತೈತಿ!" ಇಷ್ಟೆಲ್ಲ ಬೈದವಳು ಟ್ಯೂಬನ್ನು ಮಾತ್ರ ಹಿಂದಿರುಗಿಸಲಿಲ್ಲ.

ಎಂದಾದರೊಂದು ದಿನ ಅವಳ ಕೈಯನ್ನೂ ನಾಲ್ಕು ಜನರೆದುರು ಚಿವುಟಿ ಎಣಿಸುವೆನೆಂದು ಅಂದೇ ನಿಶ್ಚಯಿಸಿದೆ. ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಮಾಸ್ತರಿಗೆ ಪರೀಕ್ಷಾ ಇರೂದಿಲ್ಲ."

ಹೋದ ತಿಂಗಳು ದೀರ್ಘ ಜ್ವರದಲ್ಲಿ ಅವಳು ಬಹಳ ಇಳಿದುಹೋದಳು. ನೋಡಲು ಹೋದಾಗ ಹಾಸಿಗೆಯ ಸುತ್ತ ನೆರೆಯವರು ಕುಳಿತಿದ್ದರು. ಸರಿಯಾಗಿ ನಾಲ್ವರು! ಅಕ್ಕ ತಾನಾಗಿಯೇ ಕೈ ಮುಂದೆ ಮಾಡಿದಳು.

"ಎಣಸ ಲೇ, ತಮ್ಮಾ. ಖರೇ ಹೇಳಬೇಕ ಮತ್ತ."

ಚಿವುಟಿ ಬಿಟ್ಟೆ. ಎತ್ತಿದ ಚರ್ಮ ಎತ್ತಿದಂತೆಯೇ ನಿಂತಿತು. ಇಷ್ಟು ವರ್ಷ ಕಾದ ಗಳಿಗೆ!

"ಒಂದ," ಎಂದೆ, ಎರಡು ಬರುವ ಮೊದಲೇ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಸವರಿದೆ. "ಸಮಾ ಆತು, ಅಕ್ಕಾ."

"ಹೆಬ್ಬಟ್ಟ ತಗೀ ಲೇ. ಅದು ಕಾಪಿ ಹೊಡದಂಗ."

ನಾನು ತೆಗೆಯಲಿಲ್ಲ.